ಇಡೀ ಮಾತ್ರೆ

ಇಸ್ತ್ರಿಪೆಟ್ಟಿಗೆ ಇವತ್ತು ಹಗುರ ಅನ್ನಿಸುತ್ತಿದೆ, ಅದೇ ಪೆಟ್ಟಿಗೆ, ಅದೇ ಆಸ್ಪತ್ರೆಯ ಚಾದರಗಳು, ಮೂಲೆಯಲ್ಲಿ ಅದೇ ಕೆಂಪು ದಾರದ ಗುರುತು — ಹಗುರವಾಗಿರುವುದು ನನ್ನ ಕೈಯೇ ಇರಬೇಕು, ಜೇಬಿನಲ್ಲಿ ಹೊಸ ಪಟ್ಟಿ ಇದೆ, ಬಸಿರು ತಡೆಯುವ ಮಾತ್ರೆ, ಪುಕ್ಕಟೆ, ಯಾರ ಸಹಿಯನ್ನೂ ಕೇಳಲಿಲ್ಲ, ಯಾರೂ ಮುಸಿಮುಸಿ ನಗಲಿಲ್ಲ, ಅಲುಗಾಡಿದರೆ ಚರಚರ ಅನ್ನುತ್ತದೆ, ಅನ್ನಲಿ, ನಾಲ್ಕರ ಸೀಟಿ ಆಗುತ್ತಲೇ ನುಂಗುತ್ತೇನೆ, ಇಡೀ ಮಾತ್ರೆ. ಇಡೀ ಎಂಬ ಮಾತನ್ನೇ ಆರು ತಿಂಗಳಿಂದ ಮರೆತಿದ್ದೆ, ಆಸ್ಪತ್ರೆಯ ಕಿಟಕಿಯಲ್ಲಿ ಕೊಡುವುದನ್ನು ನಿಲ್ಲಿಸಿದರು, ಅಂಗಡಿಯಲ್ಲಿ ಒಂದು ಪಟ್ಟಿಗೆ ಎರಡು ದಿನದ ಕೂಲಿ, ಆಗ ಈ ಜಾಣೆಗೆ ಹೊಳೆದದ್ದೇನು, ಹರಿದ ಚಾದರವನ್ನು ಕತ್ತರಿಸಿ ಎರಡು ದಿಂಬಿನ ಚೀಲ ಹೊಲಿಯುವುದಿಲ್ಲವೇ, ಹಾಗೆ ಮಾತ್ರೆಯನ್ನೂ ಬ್ಲೇಡಿನಲ್ಲಿ ಎರಡು ಮಾಡು, ಒಂದು ತಿಂಗಳದ್ದು ಎರಡು ತಿಂಗಳಿಗೆ — ಮನೆಯವರು ಅರ್ಧ ಗಡ್ಡ ಕೆರೆದುಕೊಂಡು ಬ್ಲೇಡ್ ಎಲ್ಲೇ ಅಂತ ಹುಡುಕುತ್ತಿದ್ದರು. ಅರ್ಧಗಳನ್ನು ಬೆಂಕಿಪೊಟ್ಟಣದಲ್ಲಿಟ್ಟೆ, ಬೆಳಿಗ್ಗೆ ಕಾಲೇಜು ಮಧ್ಯಾಹ್ನ ಇಸ್ತ್ರಿ ಎಂದು ಓಡುವ ಪಕ್ಕದ ಮೇಜಿನ ಹುಡುಗಿ ಗುಬ್ಬಿಗೂ ಕಲಿಸಿದೆ, ಅಕ್ಕಾ ನಿಮ್ಮ ತಲೆಯೇ ತಲೆ ಅಂದಳು, ನಾನು ಉಬ್ಬಿದೆ.

ತಲೆಯಂತೆ ತಲೆ, ನನಗೆ ಮುಟ್ಟು ಹನ್ನೊಂದು ದಿನ ತಡವಾಯಿತು, ಗುಬ್ಬಿಗೆ ಒಂಬತ್ತು, ಅವಳು ಚಾದರದಲ್ಲಿ ಮುಖ ಮುಚ್ಚಿಕೊಂಡು ಕಾಲೇಜು ಹೋಯ್ತಲ್ಲಕ್ಕಾ ಅಂತ ಅತ್ತಳು, ನನ್ನಿಂದ, ನನ್ನ ಬ್ಲೇಡಿನಿಂದ. ಮಗಳು ಹುಟ್ಟಿದಾಗ ಒಂದು ಸಲ ಓದು ಬಿಟ್ಟೆ, ಮಗ ಹುಟ್ಟಿದಾಗ ಇನ್ನೊಂದು ಸಲ, ಇಬ್ಬರೂ ನನ್ನ ಎರಡು ಕಣ್ಣು, ಮುಖಕ್ಕೆ ಎರಡೇ ಸಾಕು, ಈಗ ನನ್ನ ಸಂಜೆ ತರಗತಿಯ ಕೊನೆಯ ಪರೀಕ್ಷೆ ಬರುವ ವಾರ. ಇಬ್ಬರೂ ಆಸ್ಪತ್ರೆಯ ನರ್ಸಮ್ಮನ ಹತ್ತಿರ ಹೋದೆವು, ಅವರು ಪೊಟ್ಟಣ ತೆರೆದು ನೋಡಿ ಬೈಯಲಿಲ್ಲ, ಅಲ್ಲಮ್ಮಾ, ಬಾಗಿಲು ಅರ್ಧ ಹಾಕಿದ್ರೆ ಬೆಕ್ಕು ಒಳಗೆ ಬರಲ್ವಾ ಅಂದರು, ನಗುವೂ ಬಂತು ಅಳುವೂ ಬಂತು, ಪರೀಕ್ಷಿಸಿದರು, ಇಬ್ಬರಿಗೂ ಏನೂ ಇರಲಿಲ್ಲ, ಈ ಸಲ ಬಚಾವಾದ್ರಿ ಅಂದರು. ಮುಂದಿನ ಸಲ? ಇಸ್ತ್ರಿ ಕೋಣೆಯ ಹದಿನಾಲ್ಕು ಹೆಂಗಸರು ಆಸ್ಪತ್ರೆಯ ದೊಡ್ಡ ಅಧಿಕಾರಿಯ ಕೋಣೆಗೆ ಹೋದೆವು, ಅವರು ಅನುದಾನ ಅಂದರು, ಮೇಲಿನವರು ಅಂದರು, ಮುಂದಿನ ವರ್ಷ ನೋಡೋಣಮ್ಮಾ ಅಂದರು, ನಾನು ಪೊಟ್ಟಣ ತೆಗೆದು ಅವರ ಗಾಜಿನ ಮೇಜಿನ ಮೇಲೆ ಸುರಿದೆ, ಗುಬ್ಬಿಯೂ ಸುರಿದಳು, ಆಮೇಲೆ ಹಿಂದಿನಿಂದ ಒಬ್ಬಳು, ಮತ್ತಿಬ್ಬರು, ಒಬ್ಬಳದು ಅಂಗಿಗುಂಡಿಯ ಡಬ್ಬಿ — ನಾನೊಬ್ಬಳೇ ಜಾಣೆ ಅಂದುಕೊಂಡಿದ್ದೆನಲ್ಲ. ಏನಮ್ಮಾ ಇದು ಅಂದರು. ನೀವು ಮುಂದಿನ ವರ್ಷ ನೋಡೋವರೆಗೂ ನಾವು ಇದನ್ನೇ ನುಂಗೋದು ಸರ್, ಅಂದೆ, ಆ ಬಾಯಿ ನನ್ನದೇನಾ. ಅವರು ಒಂದು ಚೂರನ್ನು ಎತ್ತಿ ತಿರುಗಿಸಿ ನೋಡಿದರು, ಆಮೇಲೂ ಮೂರು ಸಲ ಹೋಗಬೇಕಾಯಿತು, ಹೋದೆವು, ಇವತ್ತು ಕಿಟಕಿ ತೆರೆಯಿತು, ಕೂಲಿಯವರಿಗೆ, ಓದುವ ಹುಡುಗಿಯರಿಗೆ, ಕೇಳಿ ಬಂದವರಿಗೆಲ್ಲ, ಗೆದ್ದೆವು ಕಣೇ, ನಾವೇ ಗೆದ್ದೆವು — ಸೀಟಿ, ಗುಬ್ಬಿ ನೀರಿನ ಲೋಟ ಎತ್ತಿದ್ದಾಳೆ, ಅಕ್ಕಾ ಬ್ಲೇಡ್ ಬೇಕಾ ಅಂತ ಛೇಡಿಸುತ್ತಾಳೆ, ಹದಿನಾಲ್ಕು ಲೋಟ, ನನ್ನ ಅಂಗೈ ಮೇಲೆ ಬೆಳ್ಳಗೆ, ದುಂಡಗೆ, ಎಲ್ಲೂ ಅಂಚು ಮುರಿಯದೆ, ಇಡೀ