ಎಡಕ್ಕೆ ತಿರುಗಿದ ಮೆರವಣಿಗೆ

ಯುದ್ಧದ ಕಾಲದಲ್ಲಿ, ಇಟಲಿಯಲ್ಲಿ, ಲೆಮ್ಯುಯೆಲ್ ತುತ್ತೂರಿ ಊದಿದರೆ ಕರ್ನಲ್‌ಗಳು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅಮೆರಿಕದ ಜಾರ್ಜಿಯಾದ ನಮ್ಮ ಟಲ್ವಾ ಊರಿಗೆ ಮರಳಿದ ಮೇಲೆ ಅವನಿಗೆ ಸಿಕ್ಕಿದ್ದು ಮರದ ಮಿಲ್ಲಿನಲ್ಲಿ ಹೊಟ್ಟು ಗುಡಿಸುವ ಕೆಲಸ. ತುಟಿಯ ತುಂಬ ಮರದ ಪುಡಿ. ಡೋಲು ಬಾರಿಸುತ್ತಿದ್ದ ನಾನು ಅದೇ ಮಿಲ್ಲಿನಲ್ಲಿ ದಿಮ್ಮಿ ಉರುಳಿಸುತ್ತಿದ್ದೆ. ನಮ್ಮ ಪಡೆಯ ಬ್ಯಾಂಡಿನ ಕರಿಯ ಹುಡುಗರದ್ದೆಲ್ಲ ಇದೇ ಪಾಡು.

ಯುದ್ಧ ಮುಗಿದ ಮರುವರ್ಷ ಊರಿನವರು ಸೈನಿಕರ ಮೆರವಣಿಗೆ ಇಟ್ಟುಕೊಂಡರು. ಸತ್ತವರ ಹೆಸರು ಕೆತ್ತಿದ ಕಲ್ಲನ್ನು ಕೋರ್ಟಿನ ಮುಂದೆ ಅಂದೇ ಅನಾವರಣ ಮಾಡುವುದಿತ್ತು. ಬಿಳಿಯರ ಬ್ಯಾಂಡೂ ಒಂದಿತ್ತು. ಅದು ನುಡಿಸಿದರೆ ಕುದುರೆಗಳೂ ಕಿವಿ ಮಡಚುತ್ತಿದ್ದವು. ಹಾಗಾಗಿ ಮೇಯರ್ ಹಾರ್ಗ್ರೋವ್ ನಮ್ಮನ್ನು ಹುಡುಕಿಕೊಂಡು ಮಿಲ್ಲಿಗೇ ಬಂದ.

"ಲೆಮ್, ಎಲ್ಲಾರ್ಗಿಂತ ಮುಂದೆ ನಿಮ್ದೇ ಬ್ಯಾಂಡು ಕಣೋ. ಆದ್ರೆ ಯೂನಿಫಾರ್ಮ್ ಬೇಡ. ಹೋಟ್ಲಲ್ಲಿ ತಟ್ಟೆ ಎತ್ತೋರ ಬಿಳೀ ಕೋಟು ಕೊಡಿಸ್ತೀನಿ."

"ನಾವೂ ಸಿಪಾಯಿಗಳೇ ಅಲ್ವಾ ಸ್ವಾಮಿ?"

"ಆಗ ಇದ್ರಿ. ಈಗ ವಾದ್ಯದೋರು."

"ಕಲ್ಲಲ್ಲಿ ಕ್ಲೀವನ್ ಹೆಸರೈತಾ?"

ಮೇಯರ್ ಟೋಪಿ ತೆಗೆದು ಗಾಳಿ ಬೀಸಿಕೊಂಡ. "ಜಾಗ ಸಾಲ್ಲಿಲ್ಲಪ್ಪ."

ಕ್ಲೀವನ್ ನಮ್ಮ ಬ್ಯಾಂಡಿನವನೇ. ಇಟಲಿಯ ಹೊಳೆದಂಡೆಯಲ್ಲಿ ಗಾಯಾಳುಗಳನ್ನು ಹೊತ್ತು ತರುವಾಗ ಸತ್ತ. ಅವನ ತಾಯಿ ಒಡೆಸಾ ಅತ್ತೆ ಊರಿನ ಅರ್ಧ ಬಿಳಿಯರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಳು.

"ಆಯ್ತು ಬುಡಿ ಸ್ವಾಮಿ, ಕೋಟು ಕಳ್ಸಿ" ಎಂದ ಲೆಮ್. ಮೇಯರ್ ಹೋದದ್ದೇ ತಡ, ನಾನು ಲೆಮ್ ಮೇಲೆ ಹರಿಹಾಯ್ದೆ.

"ಥೂ! ಮಾನ ಐತೇನ್ಲಾ ನಿಂಗೆ?"

"ಲೇ ಆರ್ಥೆಲ್, ಮೆರವಣಿಗೆ ಮುಂದೆ ಯಾರ್ಲಾ ಇರ್ತಾರೆ?"

"ನಾವು."

"ಹಿಂದಿನೋರು ಎತ್ಲಾಗ್ ಹೋಗ್ತಾರೆ?"

ನನಗೆ ನಗು ತಡೆಯಲಾಗಲಿಲ್ಲ.

ಶನಿವಾರ ಬಿಳಿ ಕೋಟು ತೊಟ್ಟು ಹೊರಟೆವು. ನಮ್ಮ ಹಿಂದೆ ಬಿಳಿಯ ಸಿಪಾಯಿಗಳು, ಅವರ ಹಿಂದೆ ಮೇಯರನ ತೆರೆದ ಕಾರು. ಹುಲ್ಲಿನ ಅಂಗಡಿಯ ಮೂಲೆಯಲ್ಲಿ ಬಲಕ್ಕೆ ಹೋದರೆ ಕೋರ್ಟು, ಎಡಕ್ಕೆ ಹೋದರೆ ನಮ್ಮ ಕೇರಿ. ಲೆಮ್ ಎಡಕ್ಕೆ ತಿರುಗಿದ. ನಾನು ಡೋಲಿನ ಪೆಟ್ಟು ಜೋರು ಮಾಡಿದೆ. ಸಿಪಾಯಿಯ ಕಾಲಿಗೆ ತಾಳ ಸಿಕ್ಕರೆ ಸಾಕು, ದಾರಿ ಕೇಳುವುದಿಲ್ಲ. ಇಡೀ ಸಾಲು ನಮ್ಮ ಹಿಂದೆಯೇ ತಿರುಗಿತು. ಡಾಂಬರು ಮುಗಿದು ಕೆಂಪು ಧೂಳು ಎದ್ದಿತು. ಕೋಳಿಗಳು ದಿಕ್ಕಾಪಾಲಾದವು. "ಬಲಕ್ಕೆ! ಬಲಕ್ಕೆ!" ಎಂದು ಮೇಯರ್ ಕಾರಿನಲ್ಲಿ ಎದ್ದು ನಿಂತು ಅರಚಿದ್ದು ಡೋಲಿನ ಸದ್ದಿನಲ್ಲಿ ಮುಳುಗಿತು. ನಮ್ಮ ಕೇರಿಯೆಲ್ಲ ಜಗುಲಿಗೆ ಬಂತು.

ಒಡೆಸಾ ಅತ್ತೆಯ ಮನೆ ಮುಂದೆ ನಿಂತೆವು. ಕೋಟು ಕಳಚಿ ಬೇಲಿಗೆ ನೇತುಹಾಕಿದೆವು. ಒಳಗೆ ಸಮವಸ್ತ್ರ, ಎದೆಯ ಮೇಲೆ ಪದಕ. ಲೆಮ್ ಸತ್ತ ಸಿಪಾಯಿಗೆ ಊದುವ ರಾಗ ಎತ್ತಿದ. ಅದು ಕಿವಿಗೆ ಬಿದ್ದರೆ ಸಿಪಾಯಿಯ ಕೈ ತಾನಾಗಿ ಹಣೆಗೆ ಹೋಗುತ್ತದೆ. ಬಿಳಿಯ ಹುಡುಗರ ಕೈಗಳೂ ಹೋದವು. ಕೆಲವರು ಅತ್ತಿತ್ತ ನೋಡಿ ಇಳಿಸಿದರು. ಹಲವರು ಇಳಿಸಲಿಲ್ಲ.

ಅತ್ತೆ ಸೋಪಿನ ಕೈ ಒರೆಸಿಕೊಂಡು ಮಗನ ಹೆಸರು ಕೂಗಿದಳು. "ಕ್ಲೀವನ್ ಅಮೋಸ್ ಟಿಲ್ರಿ!" ಕೇರಿ ಅದನ್ನೇ ಮತ್ತೆ ಕೂಗಿತು.

ಪೊಲೀಸರ ಮುಖ್ಯಸ್ಥ ಶೆರೀಫ್ ಏದುಸಿರು ಬಿಡುತ್ತ ಬಂದ. "ಯಾವನ್ಲಾ ಇತ್ಲಾಗ್ ತಿರುಗ್ಸಿದ್ದು?"

"ನಾನೇ ಕರ್ದಿದ್ದು ಸ್ವಾಮಿ" ಎಂದಳು ಅತ್ತೆ. "ನನ್ ಮಗನ ಜೊತೆಗಾರ್ರು ಬಂದವ್ರೆ. ನಿಮ್ ಅಂಗಿ ಇನ್ನೂ ಒಣಗಿಲ್ಲ, ನಾಳಿದ್ದು ಬನ್ನಿ."

ಬಿಳಿಯ ಸಿಪಾಯಿಗಳಲ್ಲೇ ಯಾರೋ ಕಿಸಕ್ಕೆಂದರು.

ಸೋಮವಾರ ಮಿಲ್ಲಿನ ಬಾಗಿಲಲ್ಲೇ ನಮ್ಮನ್ನು ತಡೆದರು. ಕೆಲಸ ಇಲ್ಲವಂತೆ.

"ಒಳ್ಳೇದಾಯ್ತು, ಪುರುಸೊತ್ತು ಸಿಕ್ತು" ಎಂದ ಲೆಮ್.

"ಯಾತಕ್ಕಲಾ?"

"ಓಟಿಗೆ ಹೆಸ್ರು ಬರೆಸೋಕೆ."

ಕೋರ್ಟಿನಲ್ಲಿ ಕರಿಯರ ಹೆಸರನ್ನು ಓಟಿನ ಪಟ್ಟಿಗೆ ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಮನೆಗೆ ಹೋಗಿ ಸಮವಸ್ತ್ರ ತೊಟ್ಟು, ಮಿಲ್ಲಿನ ಮುಂದಿನಿಂದಲೇ ಅಲ್ಲಿಗೆ ನಡೆದೆವು. ವಾದ್ಯ ಇರಲಿಲ್ಲ. ಮಿಲ್ಲಿನೊಳಗಿದ್ದ ನಮ್ಮ ಕೇರಿಯವರು ಗರಗಸ ನಿಲ್ಲಿಸಿ ಹಿಂದೆ ಬಂದರು. ಒಡೆಸಾ ಅತ್ತೆಯೂ ಬಂದಳು. ನಮ್ಮನ್ನು ಕಂಡದ್ದೇ ಪಟ್ಟಿ ಬರೆಯುವ ಗುಮಾಸ್ತ ಕಿಟಕಿ ಎಳೆದು ಚಿಲಕ ಹಾಕಿಕೊಂಡ.

ಲೆಮ್ ಮೆಲ್ಲಗೆ ಗಾಜು ತಟ್ಟಿದ. "ಊಟ ಮಾಡ್ಕೊಂಡೇ ಬನ್ನಿ ಸ್ವಾಮಿ, ಅವಸರ ಇಲ್ಲ."

ಅತ್ತೆ ಮೆಟ್ಟಿಲ ಮೇಲೆ ಕೂತು, ಬೂಟು ಬಿಚ್ಚಿ, ಕಾಲು ನೀಡಿಕೊಂಡಳು. ಅವಳ ಪಕ್ಕದಲ್ಲಿ ನಾವೂ ಕೂತೆವು. ಕೆಳಗಿನ ಮೆಟ್ಟಿಲಿನವರೆಗೂ ಜಾಗ ತುಂಬಿತು.