ನಾಲ್ಕು ಲಕೋಟೆಗಳ ಸರತಿ

ಕೋರ್ಟಿನ ಎದುರು ಹೊಂಗೆಮರದ ನೆರಳಲ್ಲಿ ಸಾಲಾಗಿ ಕೂರುವ ಟೈಪಿಸ್ಟರ ಪೈಕಿ ಬಸಮ್ಮನ ಮೇಜೇ ಕೊನೆಯದು. ಆದರೂ ಚಂದ್ರಮೌಳಿ ಪ್ರತಿವರ್ಷ ಫೆಬ್ರವರಿಯಲ್ಲಿ ಉಳಿದ ಮೇಜುಗಳನ್ನೆಲ್ಲ ದಾಟಿ ಅವಳ ಹತ್ತಿರವೇ ಬರುತ್ತಿದ್ದ. ಹದಿನಾರು ಕಾರುಗಳ ಮಾಲೀಕ, ಟ್ಯಾಕ್ಸಿ ಸಂಘದ ಕಾರ್ಯದರ್ಶಿ. ಬಿಳಿ ಸಫಾರಿ, ಹಣೆ ತುಂಬ ವಿಭೂತಿ.

“ಬಸಮ್ಮನೋರೇ, ಮಾಮೂಲಿ ಕೆಲಸ,” ಎಂದು ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಬಗೆಯ ಲೆಟರ್‌ಹೆಡ್ ತೆಗೆದು ಮೇಜಿನ ಮೇಲೆ ಹರವಿದ. ಒಂದು ಅವನದು. ಮಿಕ್ಕ ಮೂರು ಚಿಕ್ಕಣ್ಣ, ಸಿದ್ದಪ್ಪಾಜಿ, ಬೆಟ್ಟಯ್ಯ ಎಂಬ ಟ್ಯಾಕ್ಸಿ ಮಾಲೀಕರವು.

ಮಾಮೂಲಿ ಕೆಲಸವೆಂದರೆ ಇಷ್ಟು. ಮೇಟಗಳ್ಳಿಯ ಒಂದು ಕಾರ್ಖಾನೆ ತನ್ನ ಅಧಿಕಾರಿಗಳ ಓಡಾಟಕ್ಕೆ ವರ್ಷವಿಡೀ ಕಾರು ಒದಗಿಸುವವರಿಂದ ಮೊಹರು ಮಾಡಿದ ಲಕೋಟೆಯಲ್ಲಿ ಕೊಟೇಶನ್ ಕರೆಯುತ್ತಿತ್ತು. ಯಾರ ದರ ಕಡಿಮೆಯೋ ಅವರಿಗೆ ಗುತ್ತಿಗೆ. ಸ್ಟ್ಯಾಂಡಿನಲ್ಲಿ ಪ್ರಯಾಣಿಕರನ್ನು ಸರತಿಯ ಮೇಲೆ ಹಂಚಿಕೊಳ್ಳುವಂತೆ ಈ ನಾಲ್ವರು ಗುತ್ತಿಗೆಯನ್ನೂ ಸರತಿಯ ಮೇಲೆ ಹಂಚಿಕೊಂಡಿದ್ದರು. ಯಾರ ಸರತಿಯೋ ಅವನದು ಒಂದು ದರ. ಮಿಕ್ಕ ಮೂವರದು ಬೇಕೆಂದೇ ಅದಕ್ಕಿಂತ ಹೆಚ್ಚು. ನಾಲ್ವರೂ ಪೈಪೋಟಿಗೆ ಬಿದ್ದಂತೆ ಕಾರ್ಖಾನೆಯವರ ಕಣ್ಣಿಗೆ ಕಂಡರೆ ಸಾಕು. ನಾಲ್ಕನ್ನೂ ಟೈಪ್ ಮಾಡುತ್ತಿದ್ದವಳು ಬಸಮ್ಮ.

“ಈ ಸಲ ನನ್ನ ಸರತಿ. ರೇಟು ನೋಡಿ ಗಾಬರಿ ಆಗ್ಬೇಡಿ. ತಪ್ಪಾಗಿ ಬರೆದಿಲ್ಲ.”

ಬಸಮ್ಮ ಚೀಟಿ ನೋಡಿದಳು. ಹೋದ ವರ್ಷದ್ದರ ಅರ್ಧವೂ ಇರಲಿಲ್ಲ. “ಇದು ಡೀಸೆಲ್‌ಗೇ ಸಾಕಾಗಲ್ವಲ್ಲ?”

“ಸಾಕಾಗಲ್ಲ. ರಾಜೀವನಗರದಲ್ಲಿ ನಿರಂಜನ್ ಅಂತ ಒಬ್ಬ ಎದ್ದಿದಾನೆ. ಐದು ಸುಮೋ ಇಟ್ಕೊಂಡು, ಸಂಘಕ್ಕೆ ಸೇರಲ್ಲ, ನಾನೇ ಕೊಟೇಶನ್ ಹಾಕ್ತೀನಿ ಅಂತಾನೆ. ಈ ವರ್ಷ ನಮಗೆ ನಷ್ಟ ಆದ್ರೂ ಸರಿ, ಅವನ ಗಾಡಿ ಮಾರಿಸ್ಬೇಕು. ಅವನು ಹೋದ ಮೇಲೆ ಮುಂದಿನ ವರ್ಷ ಎಲ್ಲಾ ಸೇರಿಸಿ ಎಳ್ಕೊಳ್ಳೋಣ.”

ಹೇಳಿ ನಕ್ಕ. ಯಾರ ಮುಂದೆ ಈ ಮಾತಾಡುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಬಸಮ್ಮನ ಬೆರಳು ಮಾತ್ರ ಚೀಟಿಯ ಅಂಚಿನ ಮೇಲೆ ನಿಂತುಬಿಟ್ಟಿತು.

ಬಸಮ್ಮನ ಗಂಡ ಪ್ರಭುಸ್ವಾಮಿ ಅದೇ ಸ್ಟ್ಯಾಂಡಿನಲ್ಲಿ ಒಂದು ಅಂಬಾಸಿಡರ್ ಇಟ್ಟುಕೊಂಡಿದ್ದವನು. ಸ್ಟ್ಯಾಂಡಿನ ಅರಳಿಮರಕ್ಕೆ ಮೊಳೆ ಹೊಡೆದ ಒಂದು ಹಲಗೆ. ಪ್ರತಿ ಕಾರಿಗೂ ನಂಬರ್ ಬರೆದ ಒಂದು ತಗಡಿನ ಬಿಲ್ಲೆ. ಮೊದಲ ಮೊಳೆಯಲ್ಲಿ ಯಾರ ಬಿಲ್ಲೆಯೋ ಅವರದ್ದೇ ಮುಂದಿನ ಬಾಡಿಗೆ. ೧೯೯೧ರಲ್ಲಿ ಪ್ರಭುಸ್ವಾಮಿ ಯಾರನ್ನೂ ಕೇಳದೆ ಕಾರ್ಖಾನೆಗೆ ತನ್ನದೇ ಕೊಟೇಶನ್ ಹಾಕಿದ. ತನಗೆ ಕಟ್ಟುವ ದರ, ನ್ಯಾಯವಾದದ್ದು. ಚಂದ್ರಮೌಳಿ ಆ ವರ್ಷವೂ ನಷ್ಟದ ದರ ಹಾಕಿ ಅವನನ್ನು ಸೋಲಿಸಿದ. ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಹಲಗೆಯ ಮೇಲೆ ಪ್ರಭುಸ್ವಾಮಿಯ ಬಿಲ್ಲೆ ಇರಲಿಲ್ಲ. ಎಂಟು ತಿಂಗಳು ಅವನ ಕಾರು ಅರಳಿ ಎಲೆ ಹೊದ್ದು ನಿಂತಿತು. ಯಾರಾದರೂ ಹತ್ತಿರ ಹೋದರೆ, “ಅದಕ್ಕೆ ಬ್ರೇಕ್ ಇಲ್ಲ ಸಾರ್,” ಎಂದು ಕೂಗುವವರಿದ್ದರು. ಕೊನೆಗೆ ಕಾರು ಮಾರಿದ. ಕಾರು ಮಾರಿದ ಮೂರನೇ ವಾರ ಮಧ್ಯಾಹ್ನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡ.

ಬಸಮ್ಮ ಬರಿಗಾಲಲ್ಲಿ ಸ್ಟ್ಯಾಂಡಿಗೆ ಓಡಿದಳು. ಆರು ಕಾರು ನಿಂತಿದ್ದವು. ಮೊದಲ ಕಾರಿನ ಡ್ರೈವರ್ ಊಟಕ್ಕೆ ಹೋಗಿದ್ದ. ಉಳಿದ ಐವರೂ ಚಂದ್ರಮೌಳಿಯ ಮುಖ ನೋಡಿದರು.

“ಸಂಘದ ಗಾಡಿ ಸರತಿ ಪ್ರಕಾರವೇ ಹೋಗೋದು ಕಣಮ್ಮ,” ಎಂದಿದ್ದ ಚಂದ್ರಮೌಳಿ, ಪೇಪರಿನಿಂದ ಕಣ್ಣೆತ್ತದೆ. “ಕೂತ್ಕೊಳ್ಳಿ. ಸರತಿ ಬರಲಿ.”

ಮೂರನೇ ಕಾರು ಬೆಟ್ಟಯ್ಯನದು. ಅವನು ಒಂದು ಕ್ಷಣ ಸ್ಟಿಯರಿಂಗ್ ಹಿಡಿದು ಕೂತಿದ್ದವನು ಸಾಲು ಮುರಿದು ಕಾರನ್ನು ಹೊರಗೆಳೆದ. ಪ್ರಭುಸ್ವಾಮಿಯನ್ನು ಮಗುವಿನಂತೆ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ತನ್ನ ಹೆಗಲ ಟವೆಲ್ ಮಡಚಿ ತಲೆಯಡಿ ಇಟ್ಟ. ಆಸ್ಪತ್ರೆ ತಲುಪಿದ್ದು ತಡವಾಗಿತ್ತು. ಸಾಲು ಮುರಿದದ್ದಕ್ಕೆ ಸಂಘ ಬೆಟ್ಟಯ್ಯನ ಬಿಲ್ಲೆಯನ್ನು ಒಂದು ತಿಂಗಳು ಕೊನೆಯ ಮೊಳೆಗೆ ನೇತುಹಾಕಿತು. ಅವನು ಅದನ್ನು ಬಸಮ್ಮನಿಗೆ ಹೇಳಲೂ ಇಲ್ಲ. ಬೇರೆಯವರ ಬಾಯಿಂದ ಅವಳಿಗೆ ತಿಳಿಯಿತು.

ಮದುವೆಗೆ ಮೊದಲೇ ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸಾಗಿದ್ದ ಬಸಮ್ಮ ಹಳೆಯ ಮೆಷಿನ್ ಕೊಂಡು ಹೊಂಗೆಮರದ ಕೆಳಗೆ ಕೂತಳು. ಮೊದಲ ವರ್ಷವೇ ಚಂದ್ರಮೌಳಿ ಕೆಲಸ ತಂದ. “ಪಾಪ, ನಮ್ಮೋರ ಹೆಣ್ಣುಮಗಳು,” ಎಂದು ಮಠದ ಪಂಕ್ತಿಯಲ್ಲಿ ಕೂತು ನಾಲ್ಕು ಜನಕ್ಕೆ ಕೇಳುವಂತೆ ಹೇಳಿಕೊಂಡ. ಬಸಮ್ಮ ಆ ಕೆಲಸ ಬೇಡ ಎನ್ನಲಿಲ್ಲ. ಮಗಳು ಅಕ್ಷತಾ ಆಗ ಐದನೇ ಕ್ಲಾಸು. ಸಿಟ್ಟನ್ನು ಜಾಡಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟಳು. ಈ ಜನವರಿಯಲ್ಲಿ ಅಕ್ಷತಾ ನರ್ಸ್ ಕೆಲಸಕ್ಕೆ ಸೇರಿ ಮೊದಲ ಸಂಬಳದಲ್ಲಿ ಅಮ್ಮನಿಗೆ ಕನ್ನಡಕ ಮಾಡಿಸಿಕೊಟ್ಟಿದ್ದಳು. ಹೊಸ ಕನ್ನಡಕದಲ್ಲಿ ಚಂದ್ರಮೌಳಿಯ ಚೀಟಿ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಮಧ್ಯಾಹ್ನ ನಿರಂಜನ್ ತಾನೇ ಬಂದ. ಮೂವತ್ತರ ಹತ್ತಿರದವನು, ಕೈಗೆ ಗ್ರೀಸಿನ ಕಲೆ. ದೂರದಲ್ಲೇ ಚಪ್ಪಲಿ ಬಿಟ್ಟು ಮೇಜಿನ ಮುಂದೆ ನಿಂತ.

“ಅಮ್ಮಾ, ನನ್ನದೂ ಒಂದು ಕೊಟೇಶನ್ ಹೊಡ್ಕೊಡಿ. ಅವರ ರೇಟು ಎಷ್ಟು ಅಂತ ಒಂದು ಮಾತು ಹೇಳ್ಬುಡಿ, ಒಂದು ರೂಪಾಯಿ ಕೆಳಗೆ ಹಾಕ್ತೀನಿ. ನಿಮ್ಮ ಯಜಮಾನ್ರಿಗೆ ಅವರು ಮಾಡಿದ್ದು ನನಗೂ ಗೊತ್ತು.”

“ಹೇಳಲ್ಲ ಕಣಪ್ಪ. ನಿನ್ನದನ್ನ ನಾನು ಹೊಡೆಯೋದೂ ಇಲ್ಲ. ಮಂಜುಳಮ್ಮನ ಹತ್ರ ಹೊಡೆಸ್ಕೋ, ಮೊದಲನೇ ಮೇಜು.”

ಅವನ ಮುಖ ಕಪ್ಪಿಟ್ಟಿತು. “ನೀವೂ ಅವರ ಕಡೇನೇನಾ?”

“ನಿನಗೆ ಕಟ್ಟೋ ರೇಟು ಹಾಕು. ಒಂದು ಪೈಸೆ ಕಮ್ಮಿ ಹಾಕ್ಬೇಡ, ಒಂದು ಪೈಸೆ ಜಾಸ್ತೀನೂ ಹಾಕ್ಬೇಡ. ಅವರ ರೇಟು ಕದ್ದು ಗೆದ್ರೆ ನಾಳೆ ನೀನೂ ಹಲಗೆ ನೇತಾಕ್ತೀಯ. ಹೋಗು, ಬಿಸಿಲಲ್ಲಿ ನಿಲ್ಬೇಡ.”

ಅವನು ಗೊಣಗಿಕೊಂಡು ಮೊದಲ ಮೇಜಿಗೆ ಹೋದ. ಹೋಗುವಾಗಲೂ, ಗಾಳಿಗೆ ಹಾರಿ ಬಿದ್ದಿದ್ದ ಅವಳ ಕಾರ್ಬನ್ ಹಾಳೆ ಎತ್ತಿ ಮೇಜಿನ ಮೇಲಿಟ್ಟು ಕಲ್ಲು ಹೇರಿದ.

ಬಸಮ್ಮ ಕೆಲಸಕ್ಕೆ ಕೂತಳು. ಟೈಪಿಂಗ್ ಕಲಿಸಿದ ಮೇಷ್ಟ್ರು ಅವಳಿಗೆ ಒಂದು ರೂಢಿ ಹಚ್ಚಿದ್ದರು. ಹಾಳೆಯ ಅಡಿಯಲ್ಲಿ ಎಡಕ್ಕೆ ಟೈಪ್ ಮಾಡಿದವರ ಹೆಸರು. ಒಬ್ಬ ಗಿರಾಕಿ ಒಮ್ಮೆಗೆ ಎಷ್ಟು ಹಾಳೆ ತಂದನೋ ಅದರಲ್ಲಿ ಇದು ಎಷ್ಟನೆಯದು ಎಂಬ ಸಂಖ್ಯೆ. ಕೋರ್ಟಿನ ಅಫಿಡವಿಟ್ಟಿರಲಿ, ಬಾಡಿಗೆ ಕರಾರಿರಲಿ, ಹೆಸರಿಲ್ಲದೆ ಅವಳು ಹಾಳೆ ಇಳಿಸುತ್ತಿರಲಿಲ್ಲ. ಈ ನಾಲ್ಕು ಕಾಗದಕ್ಕೆ ಮಾತ್ರ ಇಷ್ಟು ವರ್ಷವೂ ಹಾಕಿರಲಿಲ್ಲ. ಅವರೇನೂ ಬೇಡ ಎಂದಿರಲಿಲ್ಲ. ಅಂಥ ಕಾಗದದ ಮೇಲೆ ತನ್ನ ಹೆಸರಿನ ಜೊತೆಗಿರುವ ಗಂಡನ ಹೆಸರು ಕೂಡುವುದು ಅವಳಿಗೇ ಬೇಡವಾಗಿತ್ತು.

ಈ ಸಲ ಹಾಕಿದಳು. ಅಂಕಿಯಲ್ಲಿ ಒಂದು ಸೊನ್ನೆಯನ್ನೂ ಆಚೀಚೆ ಮಾಡಲಿಲ್ಲ. ಅಡಿಯಲ್ಲಿ, ದಿನಾಂಕದ ಜೊತೆಗೆ, ಇಂಗ್ಲಿಷಿನಲ್ಲಿ: ಟೈಪ್ ಮಾಡಿದವರು ಬಸಮ್ಮ ಪ್ರಭುಸ್ವಾಮಿ, ನಾಲ್ಕರಲ್ಲಿ ಒಂದು. ಎರಡನೆಯ ಲೆಟರ್‌ಹೆಡ್ಡಿನ ಅಡಿಯಲ್ಲಿ, ನಾಲ್ಕರಲ್ಲಿ ಎರಡು. ಕೀಲಿಗಳನ್ನು ಎಂದಿಗಿಂತ ಗಟ್ಟಿಯಾಗಿ ಒತ್ತಿದಳು. ಗಂಡನ ಹೆಸರು ಹಾಳೆಯ ಬೆನ್ನಿಗೂ ಉಬ್ಬಿ ಬಂತು.

ಸಂಜೆ ಚಂದ್ರಮೌಳಿ ಚಿಕ್ಕಣ್ಣ, ಸಿದ್ದಪ್ಪಾಜಿಯರನ್ನು ಕರೆದುಕೊಂಡು ಸಹಿಗೆ ಬಂದ. ಸಹಿಯ ಜಾಗದಲ್ಲಿ ಬಸಮ್ಮ ಪೆನ್ಸಿಲಿನಿಂದ ಗುರುತು ಮಾಡಿದ್ದಳು. ಚಂದ್ರಮೌಳಿ ದರದ ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ನೋಡಿದ. ಅಂಕಿ ಬಿಟ್ಟು ಬೇರೇನನ್ನೂ ಓದುವ ಅಭ್ಯಾಸ ಅವನಿಗಿರಲಿಲ್ಲ. ಚಿಕ್ಕಣ್ಣ ಮಾತ್ರ ಸಹಿ ಹಾಕಿದವನು ಕೆಳಗೆ ನೋಡಿದ.

“ಇದೇನಮ್ಮ ಅಡೀಲಿ ಬಾಲ?”

ಬಸಮ್ಮ ಸುಳ್ಳು ಹೇಳಲಿಲ್ಲ. “ಟೈಪ್ ಮಾಡಿದೋರ ಹೆಸರು. ನಮ್ಮ ಕಸುಬಿನ ರೂಢಿ.”

“ಆಕ್ಕೊಳ್ಳಿ ಆಕ್ಕೊಳ್ಳಿ,” ಎಂದು ಚಿಕ್ಕಣ್ಣ ನಕ್ಕ. “ನಮ್ಮ ಎಸ್ರು ಮೇಲೆ ದೊಡ್ಡದಾಗೈತಲ್ಲ!”

“ನಡಿಯೋ, ಹೊತ್ತಾಯ್ತು,” ಎಂದ ಚಂದ್ರಮೌಳಿ. ಮೂರು ಲಕೋಟೆಗೆ ಅರಗು ಬಿತ್ತು.

ನಾಲ್ಕನೆಯದಕ್ಕೆ ಸಹಿ ಹಾಕಲು ಬೆಟ್ಟಯ್ಯ ಮರುದಿನ ಬೆಳಿಗ್ಗೆ ಒಬ್ಬನೇ ಬಂದ. ರಾತ್ರಿಯೆಲ್ಲ ಬಸಮ್ಮನನ್ನು ಕಾಡಿದ್ದು ಅದೇ ಹಾಳೆ. ಅವನಿಗೆ ಹೇಳಿದರೆ ಅವನು ಚಂದ್ರಮೌಳಿಗೆ ಹೇಳಬಹುದು. ಅಟ್ಟದ ಮೇಲಿನ ಆ ಜಾಡಿ ಹೊತ್ತಿಗೆ ಮುಂಚೆಯೇ ಒಡೆದು ಹೋಗಬಹುದು. ಹೇಳದಿದ್ದರೆ ಆ ಟವೆಲ್ಲಿನ ಮುಖ ನೋಡುವುದು ಹೇಗೆ? ಅದು ಇನ್ನೂ ಅವಳ ಪೆಟ್ಟಿಗೆಯಲ್ಲೇ ಇತ್ತು.

“ಬೆಟ್ಟಯ್ಯಣ್ಣ, ಈ ಸಲ ನೀವು ಲಕೋಟೆ ಹಾಕ್ಬೇಡಿ,” ಎಂದಳು.

“ಯಾಕಕ್ಕ?”

ಅವಳು ಹಾಳೆಯ ಅಡಿಯನ್ನು ತೋರಿಸಿದಳು. ಬೆಟ್ಟಯ್ಯನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೆರಳಿಟ್ಟು ಅಕ್ಷರ ಕೂಡಿಸಿದ. ಪ್ರಭುಸ್ವಾಮಿ ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ಆಮೇಲೆ ಸಂಖ್ಯೆ ನೋಡಿದ.

“ಮಿಕ್ಕ ಮೂರಕ್ಕೂ ಇಂಗೇ ಐತಾ?”

“ಇದೆ.”

“ಸ್ವಾಮಣ್ಣನಿಗೋಸ್ಕರವಾ?”

ಬಸಮ್ಮ ಹೌದೆಂದು ತಲೆಯಾಡಿಸಿದಳು.

“ಅವತ್ತು ಗಾಡಿ ಎಳ್ಯೋಕೆ ನಾನು ಒಂದು ಗಳಿಗೆ ಯೋಚ್ನೆ ಮಾಡ್ಬುಟ್ಟೆ ಕಣಕ್ಕ,” ಎಂದ ಬೆಟ್ಟಯ್ಯ. “ಆ ಒಂದು ಗಳಿಗೆ ಇವತ್ಗೂ ನನ್ನ ಬುಟ್ಟಿಲ್ಲ. ಆಮೇಲೆ ಇಷ್ಟು ವರ್ಷ ಇವರ ಸುಳ್ಳಿಗೆ ಸೈನ್ ಆಕೀನಿ. ಇದೊಂದು ಆಕ್ದೆ ಇದ್ರೆ ಅವೆಲ್ಲ ಅಳಿಸ್ಹೋಯ್ತವಾ?” ಪೆನ್ನು ಕೇಳಿದ. ಅವಳು ಕೊಡಲಿಲ್ಲ. ಅವನೇ ಮೇಜಿನ ಮೇಲಿಂದ ತೆಗೆದುಕೊಂಡು, ಪೆನ್ಸಿಲ್ ಗುರುತಿನ ಮೇಲೆ ನಿಧಾನವಾಗಿ ತನ್ನ ಹೆಸರು ಬರೆದ.

ಲಕೋಟೆಗಳನ್ನು ಒಡೆಯುವ ದಿನ ಗುರುವಾರ. ಕಾರ್ಖಾನೆಗೆ ಆ ವರ್ಷ ಬಂದಿದ್ದ ಹೊಸ ಖರೀದಿ ಅಧಿಕಾರಿ ಎಲ್ಲರನ್ನೂ ಕೂರಿಸಿಕೊಂಡೇ ಒಡೆಯುತ್ತೇನೆ ಎಂದಿದ್ದರಂತೆ. ಹನ್ನೆರಡೂವರೆಗೆ ನಿರಂಜನ್ ಸುಮೋವನ್ನು ಮರದ ಬುಡಕ್ಕೇ ತಂದು ನಿಲ್ಲಿಸಿ ಇಳಿದ. ಏದುಸಿರು ನಿಲ್ಲುತ್ತಿರಲಿಲ್ಲ.

“ಅಮ್ಮಾ! ನಾಲ್ಕನ್ನೂ ಒಡೆದು ಅಕ್ಕಪಕ್ಕ ಇಟ್ಕೊಂಡ್ರು. ಕನ್ನಡಕ ತೆಗೆದ್ರು, ಹಾಕ್ಕೊಂಡ್ರು. ‘ಈ ಬಸಮ್ಮ ಪ್ರಭುಸ್ವಾಮಿ ಯಾರ್ರೀ, ನಾಲ್ಕು ಕಂಪನಿಗೂ ಒಬ್ಬರೇ ಮ್ಯಾನೇಜರಾ?’ ಅಂದ್ರು. ಚಂದ್ರಮೌಳಿ, ‘ಟೈಪಿಸ್ಟು ಸಾರ್, ಏನೋ ತಪ್ಪು ಮಾಡವಳೆ’ ಅಂದ. ಆಗ ಬೆಟ್ಟಯ್ಯನೋರು ಎದ್ದು ನಿಂತ್ಕೊಂಡು, ‘ತಪ್ಪಲ್ಲ ಸಾರ್, ನಾಲ್ಕೂ ಒಂದೇ ಕಡೆ ಕೂತು ಬರೆಸಿದ್ದು, ವರ್ಷಾ ವರ್ಷಾ ಇಂಗೇ’ ಅಂದ್ಬುಟ್ರು. ಐದು ಗಂಟೆ ಒಳಗೆ ಬರವಣಿಗೇಲಿ ಸಮಜಾಯಿಷಿ ಕೊಡಿ, ಇಲ್ದಿದ್ರೆ ನಾಲ್ವರೂ ಇನ್ನು ಈ ಗೇಟು ದಾಟಂಗಿಲ್ಲ ಅಂತ ಹೇಳಿದಾರೆ. ನನ್ನ ಲಕೋಟೆ ಒಂದೇ ಉಳಿದಿರೋದು.” ಆಮೇಲೆ ತಗ್ಗಿದ ದನಿಯಲ್ಲಿ, “ಅವತ್ತು ನಿಮ್ಮನ್ನ ಏನೇನೋ ಅಂದ್ಬುಟ್ಟೆ,” ಎಂದ.

“ಗಾಡಿ ಆಚೆ ನಿಲ್ಲಿಸಪ್ಪ, ಗಿರಾಕಿಗಳಿಗೆ ದಾರಿಯಿಲ್ಲ,” ಎಂದಳು ಬಸಮ್ಮ. ಅವಳೊಳಗೆ ಏನೋ ಸಿಹಿಯಾದದ್ದು ಮೆಲ್ಲಗೆ ಏರುತ್ತಿತ್ತು. ಅವಳು ಅದನ್ನು ತಡೆಯಲಿಲ್ಲ.

ಮೂರೂವರೆಗೆ ಚಂದ್ರಮೌಳಿ ಬಂದ. ಸಫಾರಿಯ ಬೆನ್ನು ಬೆವರಿನಲ್ಲಿ ನೆನೆದಿತ್ತು. ಬಸಮ್ಮನ ಮೇಜಿನ ಮುಂದೆ ನಾಲ್ಕು ಜನ ಕಾಯುತ್ತಿದ್ದರು.

“ಏನ್ರೀ ಇದು? ಅನ್ನ ಹಾಕಿದ ಕೈ ಕಚ್ಚಿದ್ರಲ್ರೀ!” ಎಂದು ಕೂಗಿದವನು ಜನರನ್ನು ನೋಡಿ ದನಿ ಇಳಿಸಿದ. “ಆಗಿದ್ದು ಆಯ್ತು. ಈಗ ಒಂದು ಕಾಗದ ಹೊಡೀರಿ. ನಾಲ್ಕು ಜನದ ಕೆಲಸ ಬೇರೆಬೇರೆಯಾಗಿ ಬಂದಿತ್ತು, ಟೈಪಿಸ್ಟಾದ ನಾನೇ ಕಣ್ತಪ್ಪಿನಿಂದ ಒಟ್ಟಿಗೆ ಸೇರಿಸಿ ನಂಬರ್ ಹಾಕಿದೆ ಅಂತ. ಕೆಳಗೆ ನಿಮ್ಮ ಸೈನ್ ಬೇಕು. ಬೇರೆಯವರ ಹತ್ರ ಆಗಲ್ಲ. ಬೇಗ.”

ಬಸಮ್ಮ ಎದ್ದಳು. ಪಕ್ಕದ ಸ್ಟೂಲನ್ನು ನೆರಳಿಗೆ ಎಳೆದು ಸೆರಗಿನಿಂದ ಧೂಳು ಒರೆಸಿದಳು. ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಅವನ ಮುಂದಿಟ್ಟಳು.

“ಕೂತ್ಕೊಳ್ಳಿ,” ಎಂದಳು. “ಸರತಿ ಬರಲಿ.”

ಅವನು ಅವಳ ಮುಖ ನೋಡಿದ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಅದು ಅವನ ಕಣ್ಣಿನಲ್ಲಿ ಇಳಿಯುವುದನ್ನು ಬಸಮ್ಮ ಹೊಸ ಕನ್ನಡಕದಲ್ಲಿ ಪೂರ್ತಿಯಾಗಿ ನೋಡಿದಳು. ನೀರಿನ ಲೋಟವನ್ನು ಅವನು ಮುಟ್ಟಲಿಲ್ಲ.

“ನಂದು ನಾಳೆ ಆದ್ರೂ ಪರವಾಗಿಲ್ಲ, ಅವರದ್ದೇ ಮಾಡ್ಕೊಡಿ ತಾಯಿ,” ಎಂದ ಸಾಲಿನ ಮೊದಲಲ್ಲಿದ್ದ ಮುದುಕ. ಜಮೀನಿನ ಕಾಗದಕ್ಕೆ ಹಳ್ಳಿಯಿಂದ ಬಂದವನು.

“ಬಸ್ಸಿಗೆ ಹೋಗ್ಬೇಕಲ್ಲ ನೀವು. ಹೇಳಿ ಅಜ್ಜ, ಸರ್ವೆ ನಂಬರ್ ಎಷ್ಟು?”

ಒಂದೊಂದೇ ಕಾಗದ ಇಳಿಯಿತು. ಅವಳು ಬೇಕೆಂದು ನಿಧಾನ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಚಂದ್ರಮೌಳಿಯ ಸರತಿ ಬಂದಾಗ ಕೋರ್ಟಿನ ಗಡಿಯಾರದಲ್ಲಿ ನಾಲ್ಕು ಮುಕ್ಕಾಲು. ಅವನು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಟೈಪ್ ಮಾಡಿದಳು. ಅಡಿಯಲ್ಲಿ ಹೆಸರು ಹಾಕಿದಳು: ಬಸಮ್ಮ ಪ್ರಭುಸ್ವಾಮಿ, ಒಂದರಲ್ಲಿ ಒಂದು.

“ಸೈನ್ ಹಾಕಿ,” ಎಂದ.

“ಟೈಪ್ ಮಾಡ್ಕೊಡೋದು ನನ್ನ ಕಸುಬು, ಮಾಡಿದೀನಿ. ಸೈನ್ ಹಾಕಲ್ಲ. ಅದರಲ್ಲಿ ಇರೋದು ಸುಳ್ಳು.”

“ಬಸಮ್ಮನೋರೇ...” ಅವನ ದನಿ ಒಡೆಯಿತು. “ಹದಿನಾರು ಗಾಡಿ ಇದಾವೆ ನಂದು. ಸಾಲ ತಂದು ಹಾಕಿರೋದು.”

“ನಮ್ಮದು ಒಂದೇ ಇತ್ತು,” ಎಂದಳು ಬಸಮ್ಮ.

ಅವನು ಕಾಗದ ಹಿಡಿದು ನಿಂತೇ ಇದ್ದ. ಅವನ ಹಿಂದೆ, ಸಂಕೋಚದಿಂದ ಹಿಂದೆ ಹಿಂದೆ ಸರಿಯುತ್ತ, ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು ನಿಂತಿದ್ದಳು. ಬಸಮ್ಮ ಮೆಷಿನ್ನಿಗೆ ಹೊಸ ಹಾಳೆ ಏರಿಸಿ ಅವಳಿಗೆ ಕೈ ಮಾಡಿದಳು.

“ಬಾರಮ್ಮ, ಇನ್ನು ನಿನ್ನ ಸರತಿ.”