ತಾಳೆಯಾಗದ ಸಹಿ

"ಉಸಿರು ಸ್ವಲ್ಪ ಆ ಕಡೆ ಬಿಡಿ ಸಾರ್, ಗಾಜು ಮಬ್ಬಾಗ್ತಿದೆ," ಎಂದರು ಅಂಗಡಿಯವರು.

ಅಕ್ಕನ ಜೊತೆ ಬಂದಿದ್ದ ತಮ್ಮ ತನ್ನ ಭೂತಗನ್ನಡಿಯನ್ನು ಶರ್ಟಿನ ತುದಿಯಿಂದ ಒರೆಸಿಕೊಂಡು ಮತ್ತೆ ರೆಕಾರ್ಡಿನ ಹೊದಿಕೆಯ ಮೇಲೆ ಬಗ್ಗಿದ. ಹೊದಿಕೆಯಲ್ಲಿ ಹಾಡುಗಾರರ ನಗುಮುಖ, ಅದರ ಕೆಳಗೆ ನೀಲಿ ಶಾಯಿಯ ಸಹಿ. ಪಕ್ಕದಲ್ಲಿ ಇನ್ನೊಂದು ಸಹಿ: ಅಭಿಮಾನಿ ಸಂಘದವರು ಒಂದು ಕಾಲದಲ್ಲಿ ಅಂಚೆಯಲ್ಲಿ ಕಳಿಸುತ್ತಿದ್ದ ಫೋಟೊದ್ದು. ಎರಡರಲ್ಲೂ ಅಕ್ಷರಗಳು ಬಳ್ಳಿಯ ಹಾಗೆ ಒಂದನ್ನೊಂದು ಹಿಡಿದುಕೊಂಡು ಮೇಲೇರಿ, ಕೊನೆಗೆ ಚಂದದೊಂದು ಸುರುಳಿಯಾಗಿ ನಿಂತಿದ್ದವು. ಅವನು ಸುರುಳಿಯಿಂದ ಸುರುಳಿಗೆ ಕಣ್ಣೋಡಿಸುತ್ತಿದ್ದ.

ಚೆಕ್ಕಿನ ಮೇಲಿನ ಸಹಿ ನೋಡುವುದೇ ಅವನ ನೌಕರಿಯಾಗಿತ್ತು. ನಿವೃತ್ತನಾಗುವ ತನಕ ಬ್ಯಾಂಕಿನಲ್ಲಿ ಅವನ ಕಣ್ಣು ತಪ್ಪಿಸಿ ಒಂದು ಸೊಟ್ಟ ಗೆರೆಯೂ ದಾಟಿರಲಿಲ್ಲ. ಒಮ್ಮೆ ಹೆಂಡತಿಯ ಚೆಕ್ಕನ್ನೇ ‘ಸಹಿ ತಾಳೆಯಾಗುತ್ತಿಲ್ಲ’ ಎಂದು ಷರಾ ಬರೆದು ವಾಪಸು ಕಳಿಸಿ, ಆ ವಾರವೆಲ್ಲ ಮನೆಯಲ್ಲಿ ಆರಿದ ಊಟ ಉಂಡವನು. ಅಂಥವನೂ ಹೋದ ವರ್ಷ ಮೋಸಹೋದ. ಫೋನಿನಲ್ಲಿ ಚಿತ್ರ ನೋಡಿ ತರಿಸಿದ ರೆಕಾರ್ಡನ್ನು ಅಕ್ಕನ ಹುಟ್ಟುಹಬ್ಬಕ್ಕೆ ಕೊಟ್ಟು, ಎಲ್ಲರೂ ಕೈತಟ್ಟಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಕಂಡದ್ದು ಶಾಯಿಯಲ್ಲ, ಸಾಸಿವೆಗಿಂತ ಸಣ್ಣ ಚುಕ್ಕೆಗಳ ಸಾಲು. ಸಹಿಯನ್ನೂ ಚಿತ್ರದ ಜೊತೆಗೇ ಅಚ್ಚು ಹಾಕಿದ್ದರು. "ಹೋಗ್ಲಿ ಬಿಡೋ ಮರಿ, ಹಾಡು ನಕಲಿ ಅಲ್ವಲ್ಲ," ಎಂದು ಅಕ್ಕ ನಕ್ಕುಬಿಟ್ಟಿದ್ದಳು. ಅವನು ಮಾತ್ರ ನಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಅವನನ್ನು ಓದಿಸಿದವಳು ಅವಳು. ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಹೊಲಿಗೆ ಯಂತ್ರದ ಪಕ್ಕ ಈ ಹಾಡುಗಾರರ ಹಾಡೊಂದು ಕೇಳುತ್ತಿದ್ದರೆ ಸಾಕು.

ಅದಕ್ಕೇ ಈ ಸಲ ಫೋನಿನ ಸಹವಾಸ ಬೇಡವೆಂದು, ಅಕ್ಕನನ್ನೂ ಕರೆದುಕೊಂಡು, ಚಪ್ಪಲಿ ಅಂಗಡಿಯ ಮೇಲಿನ ಈ ಹಳೇ ರೆಕಾರ್ಡುಗಳ ಅಂಗಡಿಗೆ ಮೆಟ್ಟಿಲು ಹತ್ತಿ ಬಂದಿದ್ದ.

"ತಾಳೆ ಆಗುತ್ತೆ," ಎಂದು ಕೊನೆಗೂ ತಲೆಯೆತ್ತಿದ. "ಒತ್ತು, ತಿರುವು ಎಲ್ಲಾ ಸರಿಯಾಗಿದೆ. ಶಾಯಿನೂ ಕೈಯಿಂದ ಬಿದ್ದಿರೋದೇ."

"ನಾನು ಹೇಳಿದ್ನಲ್ಲ ಸಾರ್. ಇಲ್ಲಿ ಅನುಮಾನದ ಮಾಲು ಮಾರಲ್ಲ."

"ಅಕ್ಕಾ, ಬಾ ಇಲ್ಲಿ, ನೋಡು."

ಅಕ್ಕ ಬರಲಿಲ್ಲ. ಕಿಟಕಿಯ ಬಳಿ ನೆಲದ ಮೇಲಿದ್ದ ರಟ್ಟಿನ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲೊಂದು ರೆಕಾರ್ಡು. ಕಣ್ಣು ಮುಚ್ಚಿ, ಬಟ್ಟೆಯ ಹೊಲಿಗೆ ತಡವುವವಳ ಹಾಗೆ ಹೊದಿಕೆಯ ಮೇಲೆ ಬೆರಳಾಡಿಸುತ್ತಿದ್ದಳು.

"ಅಯ್ಯೋ, ಅದು ನಕಲಿ ಡಬ್ಬ ಅಮ್ಮಾ," ಎಂದರು ಅಂಗಡಿಯವರು. "ಮಾರೋಕೆ ಇಟ್ಟಿದ್ದಲ್ಲ. ಹೊಸಬರು ಬಂದ್ರೆ ಮೋಸ ಹ್ಯಾಗಿರುತ್ತೆ ಅಂತ ತೋರ್ಸೋಕೆ. ನೀವು ಹಿಡ್ಕೊಂಡಿದ್ದೀರಲ್ಲ, ಅದಂತೂ ಕಳ್ಳನಿಗೇ ನಾಚಿಕೆ ಆಗೋ ಅಂಥ ನಕಲಿ!"

"ನಂಗೆ ಇದು ಬೇಕು," ಎಂದಳು ಅಕ್ಕ.

ತಮ್ಮ ಹೋಗಿ ಇಣುಕಿದ. ಹಾಡುಗಾರರ ಹೆಸರಿನ ಮೊದಲ ಅರ್ಧ ಮಾತ್ರ ಇತ್ತು. ಒಂದು ಅಕ್ಷರ ದೊಡ್ಡದು, ಮುಂದಿನದು ಸಣ್ಣದು, ಕೊನೆಯದು ಜಾಗ ಸಾಲದೆ ಕೆಳಗೆ ಜಾರಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ.

"ಇದೇನಕ್ಕಾ, ಕೋಳಿ ಕೆದರಿದ ಹಾಗಿದೆ!"

ಅಕ್ಕ ತಲೆಯೆತ್ತಿ ನೋಡಿದಳು. ಅವನ ನಗು ಅಲ್ಲಿಗೇ ನಿಂತಿತು.

"ಅಪ್ಪನೂ ಇದೇ ಮಾತು ಅಂದಿದ್ರು," ಎಂದಳು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದು, "ಸ್ವಲ್ಪ ಹೊರಗೆ ಬಾ," ಎಂದು ಅವನ ತೋಳು ಹಿಡಿದಳು.

ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ನಿಂತರು. ಕೆಳಗಿನ ಅಂಗಡಿಯಿಂದ ಹೊಸ ತೊಗಲಿನ ವಾಸನೆ ಬರುತ್ತಿತ್ತು. ಅಕ್ಕ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡಳು.

"ನಂಗೆ ಹದಿನಾರು ತುಂಬಿರ್ಲಿಲ್ಲ. ಅವರ ಹಾಡು ಕೇಳೋಕೆ ಚಿಕ್ಕಮ್ಮನ ಜೊತೆ ಹೋಗಿದ್ದೆ. ಮುಗಿದ ಮೇಲೆ ಎಲ್ಲಾರೂ ಮುಂಬಾಗಿಲಿಗೆ ನುಗ್ಗಿದ್ರು. ನಾನು ದಾರಿ ತಪ್ಪಿ ಹಿಂಬಾಗಿಲಿಗೆ ಹೋದೆ. ಅಲ್ಲಿ ಅವರೊಬ್ರೇ ಪೆಟ್ಟಿಗೆ ಮೇಲೆ ಕೂತು ನೀರು ಕುಡೀತಿದ್ರು. ಪಠ್ಯಪುಸ್ತಕದ ಹಿಂದಿನ ಹಾಳೆ ಹರಿದು ಮುಂದೆ ಹಿಡಿದೆ. ಪೆನ್ನನ್ನ ಹ್ಯಾಗೆ ಹಿಡಿದ್ರು ಗೊತ್ತಾ? ಮಕ್ಕಳು ಚಮಚ ಹಿಡೀತಾವಲ್ಲ, ಹಾಗೆ. ಮುಷ್ಟಿಯಲ್ಲಿ. ನಾಲಿಗೆ ಕಚ್ಕೊಂಡು, ಒಂದೊಂದೇ ಗೆರೆ. ಅರ್ಧ ಹೆಸರು ಬರೆಯೋ ಹೊತ್ತಿಗೆ ಹಣೆ ಮೇಲೆ ಬೆವರು. ಆಮೇಲೆ ನನ್ನ ಮುಖ ನೋಡಿ, ‘ಹಾಡು ಎಷ್ಟು ಬೇಕಾದ್ರೂ ಬರುತ್ತೆ ತಾಯಿ, ಅಕ್ಷರ ಇಷ್ಟೇ ಬರೋದು. ಯಾರಿಗೂ ಹೇಳ್ಬೇಡ’ ಅಂದ್ರು."

"ಅಂದ್ರೆ... ಆ ಚಂದದ ಸಹಿ?"

"ಅವರ ಮ್ಯಾನೇಜರ್ ಹಾಕೋದಂತೆ. ಅವತ್ತು ಅವನು ಎಲ್ಲೋ ಹೋಗಿದ್ದ."

"ನಿನ್ ಹಾಳೆ ಏನಾಯ್ತು?"

"ಮನೆಗೆ ತಂದೆ, ಕುಣ್ಕೊಂಡು. ಪಕ್ಕದ್ಮನೆ ಹುಡುಗಿ ಹತ್ರ ಅಂಚೇಲಿ ಬಂದ ಫೋಟೊ ಇತ್ತಲ್ಲ, ಅದನ್ನ ತಂದು ಮನೆಯವರೆಲ್ಲ ಜೊತೆಗಿಟ್ಟು ನೋಡಿದ್ರು. ಎಲ್ಲಿಂದ ಹೊಂದುತ್ತೆ? ನಾನೇ ಗೀಚ್ಕೊಂಡು ಬಂದಿದ್ದೀನಿ ಅಂದ್ರು. ಅಪ್ಪ ಹೊಡೀಲಿಲ್ಲ, ಬಯ್ಲಿಲ್ಲ. ‘ನಮ್ಮನೇಲಿ ಸುಳ್ಳು ಹೇಳೋರು ಇರ್ಲಿಲ್ಲ’ ಅಂದ್ರು ಅಷ್ಟೇ. ಆ ಹಾಳೇನ ನಾನೇ ಒಲೆಗೆ ಹಾಕಿದೆ."

"ನಿಜ ಹೇಳಿಬಿಡೋದಲ್ವಾ ಅಕ್ಕಾ!"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆನಲ್ಲೋ," ಎಂದಳು, ಇದೇನು ಕೇಳುವ ಮಾತೇ ಎಂಬಂತೆ. "ಅವರಿರೋವರೆಗೂ ಹೇಳ್ಬಾರ್ದು ಅನ್ಕೊಂಡೆ. ಅವರು ಹೋದ ಮೇಲೆ ಹೇಳೋಕೆ ಅಪ್ಪ ಇರ್ಲಿಲ್ಲ."

ಅವನು ಮೆಟ್ಟಿಲ ಮೇಲೆ ಕೂತ. ಸಾಕ್ಷಿ ಯಾರು, ಪುರಾವೆ ಎಲ್ಲಿ ಎಂಬ ಪ್ರಶ್ನೆ ಹಳೇ ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ. ಅಪ್ಪನ ಆ ಮಾತಿನ ಕೆಳಗೆ ಇಷ್ಟು ವರ್ಷ ಬಾಳಿದವಳು ಇವಳು. ಮನೆಯಲ್ಲಿ ತಿಂಡಿ ಕದ್ದದ್ದು, ಬಟ್ಟಲು ಒಡೆದದ್ದು, ಶಾಲೆ ತಪ್ಪಿಸಿದ್ದು ಎಲ್ಲಕ್ಕೂ ಸುಳ್ಳು ಹೇಳಿದವನು ತಾನು. ಇವಳ ಬಾಯಲ್ಲಿ ಒಂದು ಸುಳ್ಳನ್ನೂ ಕೇಳಿದ ನೆನಪಿಲ್ಲ.

"ನಡಿ," ಎಂದು ಎದ್ದ. ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ.

"ಯಾವ್ದು ಕಟ್ಲಿ ಸಾರ್?" ಅಂಗಡಿಯವರು ಚಂದದ ಸಹಿಯ ರೆಕಾರ್ಡನ್ನು ಆಗಲೇ ಕಾಗದದ ಮೇಲಿಟ್ಟಿದ್ದರು.

"ಅದಲ್ಲ. ಡಬ್ಬದಲ್ಲಿರೋದು."

ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿ ಇಬ್ಬರನ್ನೂ ನೋಡಿದರು. "ಏನ್ ಸಾರ್, ಇದ್ರ ಬಗ್ಗೆ ನಿಮ್ಗೇನಾದ್ರೂ ಗೊತ್ತಾ?"

ಕೇಳಿದವರಿಗೆ ಹೇಳಿಬಿಡಬೇಕು, ಇಡೀ ಬೀದಿಗೇ ಕೂಗಿ ಹೇಳಬೇಕು ಎಂದು ತಮ್ಮನ ಬಾಯಿ ತೆರೆದೇಬಿಟ್ಟಿತು. ಅಷ್ಟರಲ್ಲಿ ಅಕ್ಕನ ಕಾಲು ಅವನ ಪಾದವನ್ನು ಅದುಮಿತು. ವಯಸ್ಸಾಗಿದ್ದರೂ ಹೊಲಿಗೆ ಯಂತ್ರ ತುಳಿದ ಕಾಲು.

"ನಮ್ಮಕ್ಕನಿಗೆ ಇಷ್ಟ ಆಯ್ತು," ಎಂದ, ಕಣ್ಣಲ್ಲಿ ನೀರು ತಂದುಕೊಂಡು.

"ಆ ಒಳ್ಳೇದರ ಬೆಲೆನೇ ಇದಕ್ಕೂ ತಗೊಳ್ಳಿ," ಎಂದಳು ಅಕ್ಕ.

"ಛೇ ಛೇ! ನಕಲಿಗೆ ಅಸಲಿ ಬೆಲೆ ತಗೊಂಡ್ರೆ ನನ್ನ ಅಂಗಡಿ ಹೆಸರು ಉಳಿಯುತ್ತಾ? ಬರೀ ರೆಕಾರ್ಡಿನ ಕಾಸು ಕೊಡಿ. ಹಾಡೇನೋ ಚೆನ್ನಾಗಿ ಕೇಳಿಸುತ್ತೆ."

ಅವರು ರಸೀದಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಸಹಿ ನಕಲಿ, ಗ್ರಾಹಕರಿಗೆ ತಿಳಿಸಲಾಗಿದೆ’ ಎಂದು ಬರೆದು, ನಾಳೆ ಯಾರೂ ತಕರಾರು ತೆಗೆಯಬಾರದಲ್ಲ ಎನ್ನುತ್ತ ತಮ್ಮನ ಮುಂದೆ ಪೆನ್ನು ಹಿಡಿದರು. ಅವನು ಒಮ್ಮೆ ಅಕ್ಕನ ಕಡೆ ನೋಡಿ, ಅದರ ಕೆಳಗೆ ತನ್ನ ಸಹಿ ಹಾಕಿದ. ಅಂಗಡಿಯವರು ಇಂಥ ಗಿರಾಕಿಗಳನ್ನು ಕಂಡೇ ಇಲ್ಲವೆಂದು ತಲೆ ಅಲ್ಲಾಡಿಸುತ್ತಲೇ ಬಾಗಿಲ ತನಕ ಬಂದು, "ಮೆಟ್ಟಿಲು ನೋಡ್ಕೊಂಡು ಇಳೀರಿ ಅಮ್ಮಾ," ಎಂದು ಬೀಳ್ಕೊಟ್ಟರು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಕ್ಕ ಕಟ್ಟಿದ್ದ ಕಾಗದವನ್ನು ಅರ್ಧ ಬಿಚ್ಚಿ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡಳು. ಎರಡು ನಿಲ್ದಾಣ ಕಳೆದವು.

"ಅವತ್ತು ನಾನೂ ಏನಾದ್ರೂ ಅಂದಿದ್ನಾ?" ಎಂದು ಅವನು ಮೆಲ್ಲಗೆ ಕೇಳಿದ.

"ನೀನಾ? ಐದು ವರ್ಷದ ಪೋರ. ಆ ಹಾಳೆ ನಂಗೆ ಕೊಡು, ದೋಣಿ ಮಾಡ್ತೀನಿ ಅಂತ ಒಂದೇ ಸಮ ಅತ್ತಿದ್ದೆ."

"ಕೊಟ್ಟಿದ್ರೆ ದೋಣಿನಾದ್ರೂ ಆಗ್ತಿತ್ತಲ್ಲಕ್ಕಾ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಆ ಸೆರಗನ್ನೇ ಕಣ್ಣಿಗೂ ಒತ್ತಿಕೊಂಡಳು. ಅವನು ಕಿಟಕಿಯಾಚೆ ನೋಡುವವನಂತೆ ಮುಖ ತಿರುಗಿಸಿದ.

ಬಸ್ಸು ಅಗಲ ರಸ್ತೆಗೆ ಹೊರಳಿದಾಗ ಇಳಿಬಿಸಿಲು ನೇರ ಅವಳ ತೊಡೆಯ ಮೇಲೆ ಬಿತ್ತು. ಬಿಸಿಲಿಗೆ ಶಾಯಿ ಮಾಸುತ್ತದೆ. ಅವನು ಕೈಚಾಚಿ, ಹೊದಿಕೆಗೆ ತಾಗದ ಹಾಗೆ, ಆ ಅರ್ಧ ಹೆಸರಿನ ಮೇಲೆ ಅಂಗೈಯನ್ನು ನೆರಳಾಗಿ ಹಿಡಿದ. ಬಸ್ಸು ತಿರುಗಿದಾಗಲೆಲ್ಲ ಬಿಸಿಲು ಜಾಗ ಬದಲಿಸುತ್ತಿತ್ತು. ಅವನ ಅಂಗೈಯೂ ಅದರ ಜೊತೆಗೇ ಸರಿಯುತ್ತಿತ್ತು.